ಉಲ್ಟಾ ಚೂಡಿ

ಕಾಟನ್‌ಪೇಟೆಯ ದರ್ಗಾದ ಪಕ್ಕದ ಸಂದಿಯಲ್ಲಿ
ಗನಿ ಸಾಬರು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ
ಪೆಡಲು ಒಮ್ಮೆ ತಿರುವಿ ಕಿವಿಗೊಟ್ಟರು,
ನಾಡಿ ಹಿಡಿದ ಪಂಡಿತರ ಹಾಗೆ.
"ಕಪ್ ಸವೆದಿದೆ ಸ್ವಾಮಿ. ಬಿಚ್ಚಬೇಕು."

ಎಂಬತ್ತು ವರ್ಷದ ಜಿಡ್ಡು.
ಸೀಮೆಎಣ್ಣೆ ಬಟ್ಟೆ ಒರೆಸಿದಂತೆಲ್ಲ
ಹಲ್ಲುಚಕ್ರದ ನಡುವೆ ಮೂರು ಬಂದೂಕು ಎದ್ದವು,
ಬುಡ ಅಗಲಿಸಿ, ತುದಿ ತಗುಲಿಸಿ,
ಕವಾಯತು ಮುಗಿಸಿ ಊಟಕ್ಕೆ ಹೋದ ಸಿಪಾಯಿಗಳು
ಒಂದಕ್ಕೊಂದು ಒರಗಿಸಿಟ್ಟ ಹಾಗೆ.
ಚಿಕ್ಕಂದಿನಲ್ಲಿ ನಾನು ಅದನ್ನು ಹೂವು ಅಂದುಕೊಂಡಿದ್ದೆ.
ಬಿ.ಎಸ್.ಎ. ಅಂದರೆ ಬಿ.ಎ. ಥರದ ಯಾವುದೋ ಪದವಿ.

ಬರ್ಮಿಂಗ್‌ಹ್ಯಾಮಿನ ಹದಿನಾಲ್ಕು ಮಂದಿ ಬಂದೂಕುಗಾರರು
ಕೈಗೆಲಸದ ಕಾಲ ಮುಗಿಯಿತೆಂದು ಒಟ್ಟುಗೂಡಿ
ಯಂತ್ರ ಹೂಡಿದರಂತೆ.
ಒಂದರ ಕುದುರೆ ಇನ್ನೊಂದಕ್ಕೆ ಕೂರಬೇಕು, ಅಷ್ಟೇ ಆಸೆ.
ಇದು ನನಗೆ ತಿಳಿಯುವ ಮಾತು.
ಮೂವತ್ತೊಂದು ವರ್ಷ ದೂರವಾಣಿನಗರದ ಲೇತಿನ ಮುಂದೆ
ಕೂದಲಿನ ಹತ್ತನೇ ಪಾಲು ಹೆಚ್ಚಾಯಿತೆಂದು
ದಿನದ ದುಡಿಮೆಯನ್ನೇ ಗುಜರಿಗೆ ಹಾಕಿಸಿಕೊಂಡವನು ನಾನು.
ತಾನು ಅಳೆಯುತ್ತಿರುವುದು ಏನನ್ನು ಎಂದು
ಗೇಜಿಗೆ ಯಾವತ್ತೂ ಗೊತ್ತಿರುವುದಿಲ್ಲ.

ಆಮೇಲೆ ಸರ್ಕಾರದ ಆರ್ಡರು ಬತ್ತಿದ ಒಂದು ವರ್ಷ.
ಬಾಗಿಲು ಹಾಕಿದರು.
ಶಾಂತಿ ಎಂದರೆ ಆ ಕೇರಿಯಲ್ಲಿ
ಸಂಬಳವಿಲ್ಲದ ಶನಿವಾರ.
ತಣ್ಣಗಾದ ಯಂತ್ರದ ಮುಂದೆ ಯಾರೋ ಒಬ್ಬ
ನಳಿಗೆ ಹಿಡಿದು ಯೋಚಿಸಿರಬೇಕು:
ಈ ಕೊಳವೆಯನ್ನು ಬಾಗಿಸಿ, ಇದರ ಮೇಲೆ ಕೂತರೆ?

ಹೀಗೆ ಸೈಕಲ್ಲು.
ಯುದ್ಧ ಬಂದರೆ ಅದು, ಹೋದರೆ ಇದು,
ಒಂದೇ ರಾಟೆಗೆ ಎರಡು ಕೊಡ.

ದೊಡ್ಡತಾತ ಪುಟ್ಟರೇವಣ್ಣ
ಅವೆನ್ಯೂ ರಸ್ತೆಯ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು.
ದಂಡಿನ ಸಾರ್ಜೆಂಟೊಬ್ಬ ಸೀಮೆಗೆ ಹೊರಡುವಾಗ ಮಾರಿದ್ದನ್ನು
ಹನ್ನೆರಡು ಕಂತಿನಲ್ಲಿ ಕೊಂಡರು.
ನಲವತ್ತೆರಡರ ಆಗಸ್ಟು: ಸೀಟಿನ ಕೆಳಗೆ ಹಸಿ ಮಸಿಯ ಕರಪತ್ರ,
ದೀಪ ಆರಿಸಿಕೊಂಡು ಪೇಟೆಯ ಓಣಿ ಓಣಿ.
ಮೈಸೂರು ಬ್ಯಾಂಕ್ ಚೌಕದಲ್ಲಿ ಗುಂಡು ಹಾರಿದ ದಿನ
ಇದೇ ಚಕ್ರ ತಳ್ಳಿಕೊಂಡು ಓಡಿದ್ದು ಎಡಕ್ಕೋ ಬಲಕ್ಕೋ,
ಸಾಯುವತನಕ ಒಂದೊಂದು ಸಲ ಒಂದೊಂದು ಹೇಳುತ್ತಿದ್ದರು.
ಅವರ ಮೊಣಕಾಲ ಪಕ್ಕದಲ್ಲಿ ಮೂರು ಬಂದೂಕು.
ಎದುರು ಸಾಲಾಗಿ ನಿಂತ ಕೋವಿಗಳ ಮೇಲೆ
ಯಾವ ಮುದ್ರೆ ಇತ್ತೋ,
ಓದಲು ಯಾರು ಅಷ್ಟು ಹತ್ತಿರ ಹೋಗಿದ್ದರು?
ನಾನು ಕೇಳಲಿಲ್ಲ. ಕೇಳಿದ್ದರೆ ಅನ್ನುತ್ತಿದ್ದರೇನೋ:
ಓಡುವವನಿಗೆ ಕೋವಿಯ ಬಾಯಿ ಕಾಣುತ್ತದೆ ಮರಿ, ಹೆಸರಲ್ಲ.

ಅದಕ್ಕೂ ಎರಡು ವರ್ಷ ಮುಂಚೆ, ನವೆಂಬರಿನ ಒಂದು ರಾತ್ರಿ
ಆ ಕಾರ್ಖಾನೆಯ ಮೇಲೂ ಬಾಂಬು ಬಿತ್ತು.
ಐವತ್ತಮೂರು ಮಂದಿ ಕೆಲಸಗಾರರು.
ರಾತ್ರಿಪಾಳಿ ನನಗೆ ಗೊತ್ತು:
ಎರಡು ಗಂಟೆಯ ಚಹಾ, ಗಡಿಯಾರದ ಮೇಲೆ ಸಿಟ್ಟು.
ಅವರಿಗಾಗಿ ಯಾವ ಕಡೆ ನಿಂತು ಮರುಗಬೇಕೋ ತಿಳಿಯದೆ
ಬಟ್ಟೆಯಿಂದ ಸೀಮೆಎಣ್ಣೆ ಹಿಂಡುತ್ತಾ ಕೂತೆ.

"ಕೊಡಿ ಇಲ್ಲಿ" ಎಂದು ಸ್ಪ್ಯಾನರ್ ಹಾಕಿ ನಾನೇ ಒತ್ತಿದೆ.
ಜಗ್ಗಲಿಲ್ಲ. ಇನ್ನೂ ಒತ್ತಿದೆ.
ಗನಿ ಸಾಬರು ನಕ್ಕರು:
"ಬಲಗಡೆ ಕಪ್ಪಿಗೆ ಉಲ್ಟಾ ಚೂಡಿ, ಯಜಮಾನ್ರೇ.
ಬಿಚ್ಚುತ್ತೀನಿ ಅಂದುಕೊಂಡು ಬಿಗಿ ಮಾಡ್ತಾ ಇದ್ದೀರಿ."
ಮೂವತ್ತೊಂದು ವರ್ಷ ಚೂಡಿ ಕೊಯ್ದ ಕೈ ನಾಚಿತು.

ಚೂಡಿ ಅಂದರೆ ಅವರ ಮನೆಮಾತಿನಲ್ಲಿ ಬಳೆಯೂ ಹೌದು.
ಕಂಪನಿ ಮುಳುಗಿ ಐವತ್ತು ವರ್ಷ,
ಹೆಸರು ಕೈಯಿಂದ ಕೈಗೆ ಮಾರಿಹೋಯಿತು.
ಆದರೂ ನಿನ್ನೆ ರಿಪೇರಿಗೆ ಬಂದ ಹುಡುಗಿಯ ಹೊಸ ಸೈಕಲ್ಲಿಗೂ
ಅದೇ ಹಳೇ ಅಳತೆ:
ಅಂಗುಲಕ್ಕೆ ಇಪ್ಪತ್ತನಾಲ್ಕು ಬಳೆ.

ಕಪ್ ಕಳಚಿತು. ಕಪ್ಪು ಗ್ರೀಸಿನೊಳಗಿಂದ
ಒಂದೊಂದೇ ಜಾರಿ ಬಿದ್ದವು ಸಾಬರ ಅಂಗೈಗೆ.
ಎಣಿಸಿದರು. ಮತ್ತೆ ಎಣಿಸಿದರು.
"ಹನ್ನೊಂದು ಇರಬೇಕು. ಒಂದು ಗುಂಡು ಕಡಿಮೆ ಇದೆ."

ಇಬ್ಬರೂ ಬಗ್ಗಿ, ಕನ್ನಡಕ ಹಣೆಗೇರಿಸಿ,
ಚಪ್ಪಲಿಗಳ ನಡುವೆ, ಮೋರಿಯಂಚಿನಲ್ಲಿ
ಇನ್ನೂ ಹುಡುಕುತ್ತಿದ್ದೇವೆ.